ಬೊಗಸೆ ಗುರುತಿನ ಅಕ್ಕಿ

ಗ್ರಾಫಿಕ್ ಡಿಸೈನರ್ ಎಂಬ ಮಾತು ನನ್ನ ಕಿವಿಗೆ ಬೀಳುವ ಹೊತ್ತಿಗೆ ನಾನು ಆ ಕೆಲಸ ಶುರುಮಾಡಿ ಎಷ್ಟೋ ವರ್ಷಗಳಾಗಿದ್ದವು. ಅಲ್ಲಿಯವರೆಗೆ ಯಾರಾದರೂ ಏನು ಮಾಡ್ತೀಯವ್ವಾ ಎಂದು ಕೇಳಿದರೆ ‘ಚೀಲದ ಮ್ಯಾಲೆ ಬರೀತೀನ್ರಿ’ ಎನ್ನುತ್ತಿದ್ದೆ. ಕೇಳಿದವರು ಪಾಪ ಎನ್ನುವಂತೆ ನನ್ನ ಮುಖ ನೋಡುತ್ತಿದ್ದರು. ಅದಕ್ಕೂ ಮೊದಲು ನಾನು ರಾಯಚೂರಿನ ಬಳೆಗಾರ್ತಿಯ ಹಿರಿಮಗಳು, ಅಷ್ಟೇ.

ತೀನ್ ಕಂದೀಲು ಚೌಕದ ಹತ್ತಿರದ ಒಂದು ಸಂದಿಯಲ್ಲಿ ಅಬ್ಬಾನ ಬಳೆ ಅಂಗಡಿಯಿತ್ತು. ಅಬ್ಬಾ ಕೂತರೆ ಅಂಗಡಿ ಅರ್ಧ ತುಂಬುತ್ತಿತ್ತು. ಇಬ್ಬರು ಹೆಂಗಸರು ಬಂದರೆ ಪೂರ್ತಿ ತುಂಬುತ್ತಿತ್ತು. ಇನ್ನೊಬ್ಬರು ಬಂದರೆ ಕಾಲು ಮೆಟ್ಟಿಲ ಮೇಲೆ, ತಲೆ ಮಾತ್ರ ಒಳಗೆ. ಅಮ್ಮಿ ಅಂಗಡಿಯಲ್ಲಿ ಕೂರುತ್ತಿರಲಿಲ್ಲ. ಲಗ್ನ, ಸೀಮಂತ ಇದ್ದ ಮನೆಗಳಿಗೆ ಹೋಗಿ ಬಳೆ ಇಡಿಸುವುದು ಅವಳ ಪಾಲಿನ ಕೆಲಸ. ಮನೆಯಲ್ಲಿ ನಮ್ಮ ಮಾತು ದಖನಿ, ಅಂಗಡಿಯಲ್ಲಿ ಕನ್ನಡ, ಕಾಲುವೆ ಕಡೆಯ ಕ್ಯಾಂಪುಗಳಲ್ಲಿ ಬೇಸಾಯಕ್ಕೆ ಬಂದು ನೆಲೆಸಿದ್ದ ಆಂಧ್ರದ ಹೆಂಗಸರ ಜೊತೆ ತೆಲುಗು. ಅಂಗಡಿಯ ಬೋರ್ಡಿನಲ್ಲೂ ಕನ್ನಡ, ಉರ್ದು ಒಂದೇ ಸಾಲಿನಲ್ಲಿದ್ದವು. ಕನ್ನಡ ಎಡದಿಂದ ಓಡಿ ಬರುತ್ತಿತ್ತು, ಉರ್ದು ಬಲದಿಂದ ಓಡಿ ಬರುತ್ತಿತ್ತು, ನಡುವೆ ಎರಡೂ ಡಿಕ್ಕಿ ಹೊಡೆದು ನಿಂತಂತೆ ಕಾಣುತ್ತಿತ್ತು. ನಾನೂ ನನ್ನ ತಂಗಿಯೂ ಆ ಬೋರ್ಡಿನ ಕೆಳಗೆ ನಿಂತು ಎಷ್ಟು ನಕ್ಕಿದ್ದೇವೋ ಲೆಕ್ಕವಿಲ್ಲ. ಅಬ್ಬಾ ಮಾತ್ರ, ‘ಅವೆರಡೂ ಡಿಕ್ಕಿ ಹೊಡೆದಿಲ್ಲ ಬೇಟಾ, ಗಲೇ ಮಿಲಾಯಿಸುತ್ತಿವೆ’ ಎನ್ನುತ್ತಿದ್ದರು. ಹಬ್ಬದ ದಿನ ಗಂಡಸರು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಾರಲ್ಲ, ಹಾಗೆ.

ಬಣ್ಣದ ಪಾಠ ನನಗೆ ಆ ಅಂಗಡಿಯಲ್ಲೇ ಆಯಿತು. ಹೆಂಗಸರು ಸೆರಗು ಮುಂದೆ ಮಾಡಿ, ‘ಇದಕ್ಕ ಒಪ್ಪೋ ಬಳಿ ಕೊಡ್ರಿ’ ಎನ್ನುತ್ತಿದ್ದರು. ಅಬ್ಬಾ ಅದೇ ಬಣ್ಣದ ಬಳೆಯನ್ನು ಎಂದೂ ಮೊದಲು ತೆಗೆದವರಲ್ಲ. ಹಸಿರು ಸೀರೆ ಬಂದರೆ ಹಸಿರು ಬಳೆಗಳ ನಡುವೆ ಒಂದು ಕೆಂಪು ತೂರಿಸಿ ತೋರಿಸುವರು. ಹಳದಿ ಬಂದರೆ ನೇರಳೆ. ‘ಬಣ್ಣಕ್ಕ ಜೋಡಿ ಬೇಕಾಗ್ತದವ್ವಾ, ನಕಲು ಬೇಡ’ ಎಂದು ಗಿರಾಕಿಗೂ ಹೇಳುವರು. ಒಪ್ಪದವರು ಅರ್ಧ ಸಂದಿ ದಾಟಿ, ಬಿಸಿಲಲ್ಲಿ ಕೈ ತಿರುಗಿಸಿ ನೋಡಿಕೊಂಡು, ವಾಪಸ್ಸು ಬಂದು ಆ ಕೆಂಪನ್ನೇ ಒಯ್ಯುತ್ತಿದ್ದರು. ಮುಂದೆ ನಾನು ಬಣ್ಣ ಆರಿಸುವಾಗಲೆಲ್ಲ ಮಾಡಿದ್ದು ಇಷ್ಟೇ: ಬಣ್ಣವನ್ನು ಒಂಟಿಯಾಗಿ ನೋಡಲಿಲ್ಲ, ನೆರಳಲ್ಲಿ ಕೂತು ತೀರ್ಮಾನ ಮಾಡಲಿಲ್ಲ.

ಗಾಜಿನ ಬಳೆಗಳು ಉತ್ತರದ ಕಡೆಯಿಂದ ರಟ್ಟಿನ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಪೆಟ್ಟಿಗೆಯ ಮೇಲೆ ಒಂದೊಂದು ಚೀಟಿ. ನವಿಲು, ರಾಣಿ, ರೈಲು, ಗುಲಾಬಿ, ವಿಮಾನದಲ್ಲಿ ಕೂತ ರಾಣಿ. ತಂಗಿ ಮತ್ತು ನಾನು ಅವನ್ನು ನೀರಲ್ಲಿ ನೆನೆಸಿ ಬಿಡಿಸಿ, ನನ್ನ ಟ್ರಂಕಿನ ಮುಚ್ಚಳದ ಒಳಗಡೆ ಅಂಟಿಸುತ್ತಿದ್ದೆವು. ಒಂದು ಆಟವನ್ನೂ ಹೂಡಿದ್ದೆವು. ಅವಳು ಹೊಸ ಚೀಟಿ ಹಿಡಿದು ಅಂಗಳದ ಆ ತುದಿಗೆ ನಿಲ್ಲುವಳು, ನಾನು ಈ ತುದಿಯಿಂದ ಅದೇನೆಂದು ಹೇಳಬೇಕು. ವಿಮಾನದ ರಾಣಿ ದೂರಕ್ಕೆ ಹುಳಿಸೊಪ್ಪಿನ ಕಟ್ಟಿನಂತೆ ಕಾಣುತ್ತಿದ್ದಳು. ರೈಲು ಮಾತ್ರ ಎಷ್ಟು ದೂರ ಹೋದರೂ ರೈಲೇ. ಒಂದು ಕರಿ ಎಂಜಿನ್, ಒಂದು ಹೊಗೆ, ಮುಗಿಯಿತು. ನಾವು ಅದನ್ನು ಆಟ ಎಂದುಕೊಂಡಿದ್ದೆವು. ಅದನ್ನೇ ದೊಡ್ಡ ಊರುಗಳಲ್ಲಿ ಕಲಾಶಾಲೆ ಕಟ್ಟಿ ಕಲಿಸುತ್ತಾರೆಂದು ಆಮೇಲೆ ಗೊತ್ತಾಯಿತು. ನಾನು ಪಾಸು ಮಾಡಿದ್ದು ಡ್ರಾಯಿಂಗಿನ ಲೋಯರ್, ಹೈಯರ್ ಪರೀಕ್ಷೆಗಳು ಮಾತ್ರ. ಅಲ್ಲಿ ಒಂದು ಬಕೆಟ್ಟು ಮತ್ತು ಎರಡು ಬದನೆಕಾಯಿ ಬರೆಯಲು ಬಂದರೆ ಸಾಕಿತ್ತು.

ಎಪ್ಪತ್ತರ ದಶಕದ ಕೊನೆಕೊನೆಯಲ್ಲಿ ಮಾನ್ವಿಯ ಒಬ್ಬ ಅಕ್ಕಿ ಗಿರಣಿ ಸಾಹುಕಾರರ ಮನೆಯಿಂದ ಅಮ್ಮಿಗೆ ಕರೆ ಬಂತು. ಅವರ ಮಗಳ ಲಗ್ನ. ಮದುಮಗಳಿಗಷ್ಟೇ ಅಲ್ಲ, ಮನೆಯ ಹೆಂಗಸರಿಗೆಲ್ಲ ಬಳೆ ಇಡಿಸಬೇಕು, ನೆಂಟರು, ಓಣಿಯವರು ಸೇರಿ. ಅಷ್ಟು ಬಳೆ ಹೊರಲು ಅಮ್ಮಿ ನಮ್ಮಿಬ್ಬರನ್ನೂ ಕರೆದುಕೊಂಡಳು. ಬೆಳಗಿನ ಬಸ್ಸಿನಲ್ಲಿ ತೊಡೆಯ ಮೇಲೆ ಬಳೆ ಪೆಟ್ಟಿಗೆ ಇಟ್ಟುಕೊಂಡು ಕೂತರೆ ರಸ್ತೆಯ ಪ್ರತಿ ತಗ್ಗಿಗೂ ಬಳೆಗಳೆಲ್ಲ ಒಟ್ಟಿಗೆ ಝಲ್ಲೆನ್ನುತ್ತಿದ್ದವು. ಕಂಡಕ್ಟರು, ‘ಏನಬೇ, ಬಸ್ಸಿಗಿ ಗೆಜ್ಜಿ ಕಟ್ಟೀರೇನು’ ಎಂದ. ತಂಗಿಗೆ ಆಗ ಹಿಡಿದ ನಗು ಮಾನ್ವಿ ಬಂದರೂ ಬಿಡಲಿಲ್ಲ.

ಸಾಹುಕಾರರದು ನಿತ್ಯ ಲಿಂಗಪೂಜೆಯ ಮನೆ. ಪಡಸಾಲೆಯಲ್ಲಿ ವಿಭೂತಿಯ ವಾಸನೆ, ಅಂಗಳದಲ್ಲಿ ಭತ್ತದ ವಾಸನೆ. ‘ಬಳಿ ಬೂಬಮ್ಮ ಬಂದಳು’ ಎಂದು ಅಮ್ಮಿಯನ್ನು ಕಂಡ ಮಕ್ಕಳು ಕೂಗಿದ್ದೇ ಹೆಂಗಸರೆಲ್ಲ ಚಾಪೆಗೆ ಬಂದು ಕೂತರು. ಅಮ್ಮಿ ಒಬ್ಬೊಬ್ಬರ ಕೈಯನ್ನೂ ಹಿಟ್ಟಿನಂತೆ ನಾದಿ, ಮೆತ್ತಗೆ ಮಾಡಿ, ಬಳೆ ಜಾರಿಸುತ್ತಿದ್ದಳು. ನಾವು ಕಟ್ಟು ಬಿಚ್ಚಿ ಬಳೆ ಕೊಡುತ್ತಿದ್ದೆವು. ಅಷ್ಟರಲ್ಲಿ ತಂಗಿ ನನ್ನ ಪಕ್ಕೆಗೆ ತಿವಿದಳು. ಬಾಗಿಲಾಚೆ ಅಂಗಳದಲ್ಲಿ ಗಿರಣಿಯ ಖಾಲಿ ಗೋಣಿಚೀಲಗಳ ಒಟ್ಟಿಲು. ಪ್ರತಿ ಚೀಲದ ಮೇಲೂ ನೀಲಿ ಬಣ್ಣದಲ್ಲಿ ಒಂದು ಪ್ರಾಣಿಯ ಗುರುತು.

‘ಆಪಾ, ಆ ನಾಯಿಗೆ ಯಾಕೆ ಅಷ್ಟೊಂದು ಕೂದಲು?’ ಎಂದು ಅವಳು ಪಿಸುಗುಟ್ಟಿದಳು.

ನನಗೆ ತಡೆಯಲಾಗಲಿಲ್ಲ. ಬಾಯಿಗೆ ಓಢಣಿ ತುರುಕಿಕೊಂಡು ನಕ್ಕೆ. ಅವಳೂ ನಕ್ಕಳು. ಅಂಗಳದಿಂದ ಒಳಗೆ ಬರುತ್ತಿದ್ದ ಸಾಹುಕಾರರು ನಮ್ಮೆದುರು ನಿಂತರು. ದೊಡ್ಡ ಆಳು, ಹಣೆತುಂಬ ವಿಭೂತಿ.

‘ಯಾಕ ನಗಾಕತ್ತೀರಬೇ?’

ತಂಗಿಗೆ ಸುಳ್ಳು ಹೇಳುವುದು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ‘ಏನಿಲ್ರಿ ಯಪ್ಪಾ, ಚೀಲದ ಮ್ಯಾಲಿರೋ ನಾಯಿ ಭಾಳ ಚಂದ ಅದ’ ಎಂದಳು.

ಸಾಹುಕಾರರು ಚೀಲದತ್ತ ತಿರುಗಿದರು. ನೋಡಿದರು. ಮತ್ತೆ ನಮ್ಮತ್ತ ತಿರುಗಿದರು. ‘ಅದು ಸಿಂಹ’ ಎಂದರು.

ಅಮ್ಮಿಯ ಕೈ ಯಾರದೋ ಮುಂಗೈಯ ಮೇಲೆ ಹಾಗೇ ನಿಂತುಬಿಟ್ಟಿತು. ಆಗ ಸಾಹುಕಾರರ ಹೆಂಡತಿ, ನಾವೆಲ್ಲ ಅವ್ವಾರು ಎನ್ನುತ್ತಿದ್ದ ಗುಂಡುಮುಖದ ತಾಯಿ, ಒಂದು ಕೈಗೆ ಬಳೆಯಿಟ್ಟು ಇನ್ನೊಂದು ಕೈ ಖಾಲಿ ಹಿಡಿದುಕೊಂಡೇ ನಗತೊಡಗಿದರು. ‘ನೋಡ್ರಿ, ನಾ ಇಷ್ಟು ವರ್ಷ ಕರಡಿ ಅಂದ್ಕೊಂಡಿದ್ದೆ. ಕೇಳಿದ್ರ ಸಿಟ್ಟಾಗ್ತೀರಿ ಅಂತ ಸುಮ್ನಿದ್ದೆ.’

ಮದುಮಗಳು ನಕ್ಕಳು. ಓಣಿಯ ಹೆಂಗಸರು ನಕ್ಕರು. ಕೊನೆಗೆ ಸಾಹುಕಾರರ ಮೀಸೆಯ ಕೆಳಗೂ ಏನೋ ಅಲುಗಾಡಿತು. ಅಮ್ಮಿ ಗಾಬರಿಯಲ್ಲಿ, ‘ಹುಡುಗ್ಯಾರ್ರಿ, ತಪ್ಪು ತಿಳ್ಕೋಬ್ಯಾಡ್ರಿ. ಹಿರೀಕಿ ಚಿತ್ರ ಬರೀತಾಳ್ರಿ, ಅದಕ್ಕ ಕಣ್ಣು ಎಲ್ಲ್ಯಾರ ಹೋಗ್ತದ’ ಎಂದಳು.

‘ಬರೀತಾಳೇನು?’ ಎಂದರು ಅವರು. ‘ಹಂಗಾರ ನನಗೊಂದು ಛಲೋ ಗುರುತು ಬರಕೊಡು ನೋಡೋಣ.’

ಏನೇನಿರಬೇಕೆಂದು ಅಲ್ಲೇ ನಿಂತು ಹೇಳಿದರು. ಒಂದು ಕಡೆ ನಂದಿ ಬಸವಣ್ಣ. ಒಂದು ಕಡೆ ಗಿರಣಿ ಕಟ್ಟಿಸಿದ ಅವರ ತಂದೆಯ ಫೋಟೋದಂತೆ ಮುಖ. ನಡುವೆ ಸಿಂಹ ಇರಲಿ, ಆದರೆ ಸಿಂಹದಂತೆ ಇರಲಿ. ಮೇಲೆ ಗಿರಣಿಯ ಚಿಮಣಿ, ಅದರಿಂದ ಹೊಗೆ. ಕೆಳಗೆ ಕನ್ನಡ, ತೆಲುಗು, ಇಂಗ್ಲಿಷಿನಲ್ಲಿ ಹೆಸರು. ‘ಜಾಗ ಉಳಿದ್ರ ಒಂದು ನವಿಲು’ ಎಂದರು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ತಲೆ ತಿರುಗುತ್ತಿತ್ತು. ನನ್ನ ಚಿತ್ರ ಒಂದು ಚೀಲದ ಮೇಲಲ್ಲ, ಮಾನ್ವಿಯಿಂದ ಲಾರಿ ಹೋಗುವ ಊರಲ್ಲೆಲ್ಲ, ಸಾವಿರ ಚೀಲಗಳ ಮೇಲೆ. ಕಿಟಕಿಯಾಚೆ ಭತ್ತದ ಗದ್ದೆ ಕಂಡಾಗಲೆಲ್ಲ ತಂಗಿ, ‘ಆಪಾ, ಆ ಗದ್ದೆ ನಿನ್ನದು, ಈ ಗದ್ದೆಯೂ ನಿನ್ನದು’ ಎನ್ನುತ್ತಿದ್ದಳು. ಅಮ್ಮಿ ಮಾತ್ರ ಬಾಯಿ ಬಿಗಿಹಿಡಿದು ಕೂತಿದ್ದಳು. ರಾಯಚೂರು ಬಂದ ಮೇಲೆ, ಬಸ್ಸು ಇಳಿಯುತ್ತ ಅವಳೂ, ‘ನಾಯಿ’ ಎಂದು ಒಂದೇ ಮಾತು ಹೇಳಿ, ಬಸ್‌ಸ್ಟ್ಯಾಂಡಿನ ಕಂಬ ಹಿಡಿದು ನಿಂತು ನಕ್ಕಳು.

ನಾನು ಮೂರು ಚಿತ್ರ ಬರೆದೆ. ಒಂದರಲ್ಲಿ ಬಸವಣ್ಣ, ಇನ್ನೊಂದರಲ್ಲಿ ಹಿರಿಯ ಸಾಹುಕಾರರ ಮುಖ, ಮತ್ತೊಂದರಲ್ಲಿ ಚಿಮಣಿ ಮತ್ತು ಸಿಂಹ. ಮೂರರಲ್ಲಿ ಒಂದನ್ನು ಆರಿಸಲಿ ಎಂಬ ಜಾಣತನ ನನ್ನದು. ಲಗ್ನ ಮುಗಿದ ಮೇಲೆ ಅಮ್ಮಿಯ ಜೊತೆ ಹೋಗಿ ಪಡಸಾಲೆಯಲ್ಲಿ ಹರಡಿದೆ. ಸಾಹುಕಾರರು ಮೂರನ್ನೂ ಬಹಳ ಹೊತ್ತು ನೋಡಿ ಖುಷಿಯಾದರು. ‘ಮೂರೂ ಛಲೋ ಅವ. ಮೂರೂ ಕೂಡಿಸಿಬಿಡು’ ಎಂದರು.

ಅಂದಿನಿಂದ ಇಂದಿನವರೆಗೆ ನಾನು ಯಾರಿಗೂ ಒಂದಕ್ಕಿಂತ ಹೆಚ್ಚು ಚಿತ್ರ ತೋರಿಸಿಲ್ಲ. ಎಷ್ಟು ದೊಡ್ಡ ಗಿರಾಕಿಯಾದರೂ ಒಂದೇ. ಅದು ಸರಿಯಿಲ್ಲದಿದ್ದರೆ ಅದನ್ನು ಒಯ್ದು ಇನ್ನೊಂದನ್ನು ತರುತ್ತೇನೆ, ಆದರೆ ಎರಡನ್ನು ಒಟ್ಟಿಗೆ ಒಂದು ಚಾಪೆಯ ಮೇಲೆ ಇಡುವುದಿಲ್ಲ. ಇಟ್ಟರೆ ಅವು ಮದುವೆಯಾಗಿ ಮರಿ ಹಾಕುತ್ತವೆ.

ಆ ದಿನ ನನ್ನನ್ನು ಉಳಿಸಿದ್ದು ಅವ್ವಾರು. ಮಜ್ಜಿಗೆ ತಂದು ಇಡುತ್ತ ಚಿತ್ರಗಳನ್ನು ನೋಡಿದರು. ‘ಬಸವಣ್ಣನ್ನ ಚೀಲದ ಮ್ಯಾಲೆ ಹಾಕ್ತೀರೇನು?’ ಎಂದರು.

‘ಹೌದು, ಯಾಕ?’

‘ಹಮಾಲರು ಚೀಲ ಒಟ್ಟುವಾಗ ಕಾಲಿಟ್ಟು ಹತ್ತೋದು ಎದರ ಮ್ಯಾಲೆ? ಬಸವಣ್ಣನ ಬೆನ್ನ ಮ್ಯಾಲೇನು?’

ಸಾಹುಕಾರರ ಕೈ ತಾನಾಗಿ ಗಲ್ಲಕ್ಕೆ ಹೋಯಿತು. ಒಮ್ಮೆ ಆ ಗಲ್ಲ, ಒಮ್ಮೆ ಈ ಗಲ್ಲ ಮುಟ್ಟಿಕೊಂಡರು. ಅವ್ವಾರು ಬಿಡಲಿಲ್ಲ. ‘ಅಕ್ಕಿ ತೀರಿದ ಮ್ಯಾಲೆ ಮಂದಿ ಚೀಲ ಹರದು ಬಾಗಿಲಿಗಿ ಹಾಸ್ತಾರ. ಬಂದೋರೆಲ್ಲ ಮಾವನವರ ಮಾರಿಗಿ ಕಾಲು ಒರಸಿ ಒಳಗ ಬರ್ಬೇಕೇನ್ರಿ?’

ಬಸವಣ್ಣ ಹೋದ, ಹಿರಿಯ ಸಾಹುಕಾರರು ಹೋದರು. ಸಿಂಹದ ಮೇಲೆ ಅವರಿಗೇ ಮನಸ್ಸು ಮುರಿದಿತ್ತು. ಚಿಮಣಿ ಒಂದೇ ಉಳಿಯಿತು, ಅದನ್ನು ಅವ್ವಾರು, ‘ಅದು ಸುಡುಗಾಡಿನ ಹೊಗಿ ಕಂಡಂಗ ಕಾಣ್ತದ’ ಎಂದು ಒಂದೇ ಏಟಿಗೆ ಕೆಡವಿದರು. ನನಗೆ ಅಳು ಬರಬೇಕಿತ್ತು. ಬದಲಿಗೆ ಏನೋ ಹಗುರಾಯಿತು. ಒಂದು ಚಿತ್ರ ನನ್ನ ಕೈಬಿಟ್ಟ ಮೇಲೆ ಎಲ್ಲೆಲ್ಲಿ ಹೋಗುತ್ತದೆ, ಯಾರ ಬೆನ್ನೇರುತ್ತದೆ, ಯಾರ ಕಾಲಡಿ ಬೀಳುತ್ತದೆ ಎಂದು ನಾನು ಯೋಚಿಸಿರಲೇ ಇಲ್ಲ. ಈಗ ಯಾವ ಕೆಲಸ ಬಂದರೂ ಮೊದಲು ಕೇಳುವುದೇ ಅದನ್ನು: ಇದು ಕೊನೆಗೆ ಏನಾಗುತ್ತದೆ? ಕಾಲೊರಸು ಆಗುವುದಾದರೆ ಕಾಲೊರಸಾಗಿಯೂ ಅದಕ್ಕೆ ಮಾನ ಇರಬೇಕು.

ಮುಂದಿನ ಯೋಚನೆ ನನ್ನದೇ, ಅದಕ್ಕೆ ನಾನು ಬಹಳ ಹೆಮ್ಮೆಪಟ್ಟಿದ್ದೆ. ಎರಡು ಬಳೆ, ಒಂದರೊಳಗೆ ಒಂದು ಸಿಕ್ಕಿಕೊಂಡಂತೆ. ಅಕ್ಕಿ ಕೊಳ್ಳುವವರು, ಆರಿಸುವವರು, ಅಟ್ಟು ಇಕ್ಕುವವರು ಹೆಂಗಸರು. ಅವರ ಕೈಯ ಒಡವೆಯೇ ಗುರುತಾಗಲಿ. ಬರೆಯಲೂ ಸುಲಭ. ಬರೆದೆ, ಅಬ್ಬಾನಿಗೆ ತೋರಿಸಿದೆ, ಅವರು ಅಂಗಡಿಗೆ ಬಂದವರಿಗೆಲ್ಲ ತೋರಿಸಿದರು.

ಆದರೆ ಚೀಲಕ್ಕೆ ಗುರುತು ಹಾಕುವುದು ಕುಂಚದಿಂದ ಬರೆದಲ್ಲ. ತಗಡಿನಲ್ಲಿ ಆಕಾರವನ್ನು ಕತ್ತರಿಸಿ, ಆ ಅಚ್ಚನ್ನು ಚೀಲದ ಮೇಲಿಟ್ಟು, ಬಣ್ಣದ ಬ್ರಷ್ ಉಜ್ಜುತ್ತಾರೆ. ಬಣ್ಣ ತೂತಿನೊಳಗಿಂದ ಚೀಲಕ್ಕೆ ಇಳಿಯುತ್ತದೆ. ತಗಡಿಗೆ ಮೊದಲು ರಟ್ಟಿನಲ್ಲಿ ನೋಡೋಣ ಎಂದು ತಂಗಿ ಕತ್ತರಿ ಹಿಡಿದಳು. ಬಳೆಯ ಸುತ್ತ ಕತ್ತರಿಸಿ ಮುಗಿಸಿದ್ದೇ, ನಡುವಿನ ಗುಂಡು ರಟ್ಟು ಟಪ್ಪೆಂದು ನೆಲಕ್ಕೆ ಬಿತ್ತು. ಉಳಿದದ್ದು ದೊಡ್ಡದೊಂದು ತೂತು. ಬಳೆಯಿಲ್ಲ, ದೋಸೆ. ನಾವು ಮುಖ ಮುಖ ನೋಡಿಕೊಂಡೆವು. ಬಳೆಗಾರರ ಮಕ್ಕಳಾಗಿ, ಬಳೆಯ ನಡುವೆ ಏನೂ ಇರುವುದಿಲ್ಲ ಎಂಬುದು ನಮಗೆ ಹೊಳೆದಿರಲಿಲ್ಲ.

ನಡುವಿನ ಭಾಗ ಬೀಳದಂತೆ ಅಲ್ಲಲ್ಲಿ ಸಣ್ಣ ಪಟ್ಟಿಗಳನ್ನು ಕತ್ತರಿಸದೆ ಉಳಿಸಿ ಇನ್ನೊಂದು ರಟ್ಟು ಮಾಡಿದೆವು. ಈಗ ನಿಂತಿತು. ಹಳೆಯ ಚೀಲ ಹಾಸಿ, ಬಣ್ಣ ಉಜ್ಜಿ, ರಟ್ಟು ಎತ್ತಿದೆವು. ಪಟ್ಟಿಯಿದ್ದಲ್ಲೆಲ್ಲ ಬಣ್ಣ ಬಿದ್ದಿರಲಿಲ್ಲ. ಚೀಲದ ಮೇಲೆ ಎರಡು ಬಳೆ, ಎರಡೂ ಚೂರುಚೂರು.

ಅದೇ ಹೊತ್ತಿಗೆ ಅಮ್ಮಿ ಒಗೆದ ಬಟ್ಟೆ ಒಣಹಾಕಲು ಮಾಳಿಗೆಗೆ ಬಂದಳು. ನೋಡಿದಳು. ‘ಯಾ ಅಲ್ಲಾ’ ಎಂದವಳೇ ಒದ್ದೆ ಸೀರೆಯನ್ನು ಚೀಲದ ಮೇಲೆ ಎಸೆದು ಮುಚ್ಚಿಬಿಟ್ಟಳು. ‘ಒಡೆದ ಬಳೆ. ಲಗ್ನದ ಮನೆಗೆ ಹೋಗುವ ಅಕ್ಕಿಯ ಮೇಲೆ ಒಡೆದ ಬಳೆ. ಬಳೆಗಾರ್ತಿಯ ಮಗಳು ಬರೆದದ್ದು. ನಕ್ಕೋ ಬೇಟಿ, ನಕ್ಕೋ.’ ನಮ್ಮ ದಖನಿಯಲ್ಲಿ ನಕ್ಕೋ ಎಂದರೆ ಬೇಡ. ಅಮ್ಮಿ ಒಂದು ಸಾರಿ ನಕ್ಕೋ ಎಂದರೆ ಅದು ಕೋಟೆಯ ಗೋಡೆ. ಎರಡು ಸಾರಿ ಎಂದರೆ ಎರಡು ಕೋಟೆ. ನಾವು ಮುಖ ಸಪ್ಪೆ ಮಾಡಿಕೊಂಡು ನಿಂತೆವು. ಅಷ್ಟರಲ್ಲಿ ಅವಳು ಆ ಸೀರೆಯನ್ನು ಎತ್ತಿ ನೋಡಿದರೆ ಅದಕ್ಕೂ ಒಡೆದ ಬಳೆಯ ಗುರುತು ಹತ್ತಿತ್ತು. ನಗಬಾರದ ಹೊತ್ತಿನಲ್ಲಿ ಬರುವ ನಗುವಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ. ತಂಗಿ ನೀರಿನ ಹಂಡೆಯ ಹಿಂದೆ ಹೋಗಿ ಕೂತುಬಿಟ್ಟಳು.

ಬರಿಗೈಯಲ್ಲಿ ಹೋಗಿ ಆಗುವುದಿಲ್ಲ ಎಂದು ಹೇಳಿಬರೋಣ ಎಂದು ಮತ್ತೆ ಮಾನ್ವಿಗೆ ಹೋದೆವು. ಸಾಹುಕಾರರು ಗಿರಣಿಯಲ್ಲಿದ್ದರು. ಅವ್ವಾರು ನಮ್ಮನ್ನು ಕೂರಿಸಿ, ಅಮ್ಮಿಗೆ ಲಗ್ನದ ಬಳೆ ಇಡಿಸಿದ ಮರ್ಯಾದೆ ಕೊಡುವುದು ಉಳಿದಿದೆ ಎಂದು ಒಳಗಿನಿಂದ ಮೊರ ತಂದರು. ಮೊರದಲ್ಲಿ ಅಕ್ಕಿ, ಬೆಲ್ಲ, ಎಲೆ ಅಡಿಕೆ. ಅಮ್ಮಿ ಸೆರಗು ಒಡ್ಡಿದಳು. ಅವ್ವಾರು ಎರಡೂ ಕೈ ಸೇರಿಸಿ ಅಕ್ಕಿ ತುಂಬಿಕೊಂಡು ಎತ್ತಿದರು. ಹಸಿರು ಬಳೆಗಳು ಸರ್ರನೆ ಮೊಣಕೈಯತ್ತ ಜಾರಿದವು. ಬೊಗಸೆಯ ಬೆರಳ ಸಂದಿಯಿಂದ ನಾಲ್ಕು ಕಾಳು ಉದುರಿದವು.

ನಾನು ಎದ್ದು ನಿಂತುಬಿಟ್ಟೆ. ‘ಅವ್ವಾರ, ಹಂಗ ಇರ್ರಿ. ಕೈ ಬಿಡಬ್ಯಾಡ್ರಿ.’

‘ಯಾಕವಾ, ಹುಳ ಅದಾವೇನು?’ ಎಂದು ಅವರು ಗಾಬರಿಯಾಗಿ ಅಕ್ಕಿಯಲ್ಲಿ ಹುಡುಕಿದರು.

‘ಇಲ್ರಿ. ಹಂಗ ಹಿಡ್ಕೊಂಡಿರ್ರಿ.’

ಅಮ್ಮಿ ಸೆರಗು ಒಡ್ಡಿಕೊಂಡು ಕೂತೇ ಇದ್ದಳು, ಅವ್ವಾರು ಬೊಗಸೆ ಹಿಡಿದುಕೊಂಡು ನಿಂತೇ ಇದ್ದರು, ನಾನು ಎಲೆ ಅಡಿಕೆ ಕಟ್ಟಿದ್ದ ಕಾಗದವನ್ನು ಬಿಡಿಸಿಕೊಂಡು ಅದರ ಮೇಲೇ ಬರೆದುಕೊಂಡೆ. ಬೆರಳು ಬೆರಳಿನ ನಡುವೆ ಗೆರೆಗಳು ತಾವಾಗಿಯೇ ಇದ್ದವು. ಆ ಗೆರೆಗಳನ್ನು ಕತ್ತರಿಸದೆ ಬಿಟ್ಟರೆ ಅವೇ ಪಟ್ಟಿಗಳು, ಏನೂ ಉದುರುವುದಿಲ್ಲ. ಕೈಗೆ ಹಾಕಿದ ಬಳೆ ಪೂರ್ತಿ ಸುತ್ತು ಕಾಣಿಸುವುದಿಲ್ಲ, ಮುಂದಿನ ಕಮಾನಷ್ಟೇ ಕಾಣುತ್ತದೆ. ಕಮಾನು ಒಡೆದ ಬಳೆಯಲ್ಲ, ತೊಟ್ಟ ಬಳೆ. ಎಲ್ಲ ಎಷ್ಟು ಸಲೀಸಾಗಿ ಕೂತಿತೆಂದರೆ ನನಗೆ ಮೈ ಝುಮ್ಮೆಂದಿತು. ಅಂಥ ಗಳಿಗೆ ಆಮೇಲೆ ನನ್ನ ಕೆಲಸದಲ್ಲಿ ಕೆಲವು ಬಾರಿ ಬಂದಿದೆ. ಪ್ರತಿಸಾರಿಯೂ ಎದ್ದು ನಿಲ್ಲುತ್ತೇನೆ, ಕೂತು ಬರೆಯಲು ಆಗುವುದಿಲ್ಲ.

ಊರಿಗೆ ಬಂದು ರಟ್ಟಿನ ಅಚ್ಚು ಮಾಡಿ, ಚೀಲಕ್ಕೆ ಹಸಿರು ಬಣ್ಣ ಹಚ್ಚಿ, ಆ ಚೀಲವನ್ನು ಮನೆಮುಂದೆ ಬಟ್ಟೆ ಒಣಹಾಕುವ ಹಗ್ಗಕ್ಕೆ ನೇತುಹಾಕಿದೆವು. ಓಣಿಯ ಆ ತುದಿಗೆ ಹೋಗಿ ಕಣ್ಣು ಕಿರಿದು ಮಾಡಿ ನೋಡಿದೆವು. ಹೋಗಿ ಬರುವವರನ್ನು ನಿಲ್ಲಿಸಿ ಕೇಳಿದೆವು. ಹೇಗಿದೆ ಎಂದು ಕೇಳಲಿಲ್ಲ. ಹೇಗಿದೆ ಎಂದರೆ ನಮ್ಮ ಊರಿನ ಮಂದಿ ಮುಖ ನೋಡಿ ‘ಛಲೋ ಅದ’ ಎಂದುಬಿಡುತ್ತಾರೆ. ‘ಇದೇನು?’ ಎಂದು ಕೇಳಿದೆವು. ಮೊದಲು ಬಂದವರು ತಬಲಾ ಎಂದರು. ಎರಡನೆಯವರೂ ತಬಲಾ. ಮನೆಗೆ ಓಡಿ ಬೆರಳುಗಳನ್ನು ತೆಳ್ಳಗೆ ಮಾಡಿ ಮತ್ತೆ ನೇತುಹಾಕಿದೆವು. ಚಂದ್ರಬಂಡದಿಂದ ಮೊಸರು ಮಾರಲು ಬರುತ್ತಿದ್ದ ಅಜ್ಜಿ ಗಡಿಗೆ ಇಳಿಸದೆಯೇ ಒಮ್ಮೆ ನೋಡಿದಳು. ‘ಬೊಗಸಿ. ಯಾರಿಗೋ ನೀಡಾಕತ್ತಾರ’ ಎಂದಳು. ತಂಗಿ ಆ ಅಜ್ಜಿಯ ಕೈ ಹಿಡಿದು ಕುಣಿದಾಡಿದಳು, ಮೊಸರು ತುಳುಕಿತು, ಅಜ್ಜಿ ಬೈದಳು.

ಈ ಸಲ ಮಾನ್ವಿಗೆ ಕಾಗದ ಒಯ್ಯಲಿಲ್ಲ. ಗುರುತು ಹಾಕಿದ ಚೀಲವನ್ನೇ ಒಯ್ದೆವು. ಅದಕ್ಕೆ ಸ್ವಲ್ಪ ಹೊಟ್ಟು ತುಂಬಿಸಿ ಅಂಗಳದ ಒಟ್ಟಿಲಿನ ಮೇಲೆ ನಿಲ್ಲಿಸಿ, ಸಾಹುಕಾರರನ್ನು ಪಡಸಾಲೆಯಿಂದಲೇ ನೋಡಲು ಹೇಳಿದೆವು.

ಅವರು ನೋಡಿದರು. ‘ಸಿಂಹ ಎಲ್ಲಿ?’

‘ಇಲ್ರಿ.’

‘ಚಿಮಣಿ?’

‘ಅದೂ ಇಲ್ರಿ.’

‘ಮತ್ತ ಹೆಸರು?’

‘ಕೆಳಗದರಿ, ಸಣ್ಣದಾಗಿ.’

‘ಸಣ್ಣದು ಯಾಕ? ಗಿರಣಿ ಸಣ್ಣದೇನು?’

‘ಓದಾಕ ಬರೋರು ಹತ್ರ ಬಂದು ಓದ್ತಾರ್ರಿ ಯಪ್ಪಾ. ಬರದೋರಿಗೆ ದೂರದಿಂದ ಕೈ ಕಂಡ್ರ ಸಾಕು’ ಎಂದೆ.

ಅಷ್ಟರಲ್ಲಿ ಅವ್ವಾರು ಅಂಗಳಕ್ಕೆ ಇಳಿದು ಹೋಗಿ, ಚೀಲದ ಮೇಲಿನ ಚಿತ್ರಕ್ಕೆ ತಮ್ಮ ಎರಡೂ ಕೈ ಹೊಂದಿಸಿ ಇಟ್ಟರು. ಸರಿಯಾಗಿ ಕೂತವು. ‘ನೋಡ್ರಿಲ್ಲಿ, ಇವು ನನ್ನ ಕೈ’ ಎಂದರು. ಅವರ ಕಿವಿಯವರೆಗೆ ನಾಚಿಕೆ ಏರಿತ್ತು. ಸಾಹುಕಾರರು ಹೆಂಡತಿಯನ್ನು ನೋಡಿದರು, ಚೀಲವನ್ನು ನೋಡಿದರು, ಆಮೇಲೆ ಗಿರಣಿಯ ಕಡೆ ಮುಖ ಮಾಡಿ ಜೋರಾಗಿ, ‘ತಗಡಿನವನ್ನ ಕರೀರಿ’ ಎಂದು ಕೂಗಿದರು.

ನನಗೆ ಸಿಕ್ಕ ಕೂಲಿ ಒಂದು ಚೀಲ ಸಣ್ಣಕ್ಕಿ, ಬೊಗಸೆ ಗುರುತಿನದೇ. ಅದನ್ನು ಬಿಚ್ಚಲು ನಾನೂ ತಂಗಿಯೂ ಅಮ್ಮಿಗೆ ಬಿಡಲಿಲ್ಲ. ಗುರುತು ಹೊರಗೆ ಕಾಣುವಂತೆ ತಿರುಗಿಸಿ ಮುಂದಿನ ಕೋಣೆಯಲ್ಲಿ ನಿಲ್ಲಿಸಿದ್ದೆವು. ಬಂದ ನೆಂಟರನ್ನೆಲ್ಲ ಅದರ ಎದುರು ಕೂರಿಸುತ್ತಿದ್ದೆವು. ಕೊನೆಗೆ ಅಮ್ಮಿ, ‘ಮನೆಯಲ್ಲಿ ಅಕ್ಕಿ ಇಟ್ಟುಕೊಂಡು ಪಕ್ಕದ ಮನೆಗೆ ಅಕ್ಕಿ ಕಡ ಕೇಳಲು ಹೋಗಬೇಕೇನು’ ಎಂದು ಹೊಲಿಗೆ ಬಿಚ್ಚಿದಳು.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಕಾಳುಕಡಿಯ ಪೇಟೆ ಗಂಜ್‌ನ ಹತ್ತಿರ ನಾವಿಬ್ಬರೂ ನಡೆದು ಹೋಗುತ್ತಿದ್ದಾಗ ಒಂದು ಬಂಡಿ ತುಂಬ ಬೊಗಸೆಗಳು ಎದುರು ಬಂದವು. ಒಂದರ ಮೇಲೊಂದು, ಸಾಲುಸಾಲು, ಎಲ್ಲವೂ ನಮಗೇ ನೀಡುತ್ತಿರುವಂತೆ. ನಾವು ಬಂಡಿಯ ಜೊತೆ ಜೊತೆಗೇ ಓಡಿದೆವು. ಬಂಡಿಯವನು ಚೀಲ ಎಲ್ಲೋ ಹರಿದಿರಬೇಕೆಂದು ಇಳಿದು ಸುತ್ತು ಬಂದು ನೋಡಿದ. ಕಿರಾಣಿ ಅಂಗಡಿಯ ಮುಂದೆ ಬಂಡಿ ನಿಂತಾಗ ಒಬ್ಬ ಹೆಂಗಸು ಬಂದು, ‘ಬೊಗಸಿ ಅಕ್ಕಿ ಬಂದಾವೇನ್ರಿ?’ ಎಂದು ಕೇಳಿದಳು. ಗಿರಣಿಯ ಹೆಸರು ಅವಳಿಗೆ ಗೊತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಅವಳನ್ನು ಅಪ್ಪಿಕೊಳ್ಳಲು ನಾನು ಒಂದು ಹೆಜ್ಜೆ ಮುಂದಿಟ್ಟಿದ್ದೆ, ತಂಗಿ ಚಿವುಟಿ ನಿಲ್ಲಿಸಿದಳು.

ಆಮೇಲೆ ಅಬ್ಬಾ ತಮ್ಮ ಅಂಗಡಿಯ ಮೇಲಿನ ಅಟ್ಟವನ್ನು ಖಾಲಿ ಮಾಡಿಸಿ ನನಗೆ ಕೊಟ್ಟರು. ಬೋರ್ಡು ಬೇಕಲ್ಲ. ಏನೆಂದು ಬರೆಯುವುದು? ಡಿಸೈನ್ ಎಂದು ಬರೆದಿದ್ದಕ್ಕೆ ಮೊದಲ ವಾರ ಬಂದವರೆಲ್ಲ ಮೆಹಂದಿ ಹಾಕಿಸಿಕೊಳ್ಳಲು ಕೈ ಚಾಚಿದವರೇ. ಅದನ್ನು ಅಳಿಸಿ, ‘ಇಲ್ಲಿ ಗುರುತು ಮಾಡಿಕೊಡಲಾಗುತ್ತದೆ’ ಎಂದು ಬರೆದೆ. ಮರುದಿನವೇ ಒಬ್ಬ ಹಿರಿಯರು ಏಣಿ ಹತ್ತಿ ಏದುಸಿರು ಬಿಡುತ್ತ ಬಂದರು. ಬ್ಯಾಂಕಿನಲ್ಲಿ ಖಾತೆ ತೆಗೆಯಲು ಗುರುತಿನವರು ಯಾರಾದರೂ ಸಹಿ ಹಾಕಬೇಕಂತೆ. ‘ನೀವು ಗುರುತು ಮಾಡ್ಕೊಡ್ತೀರಂತ ಬರ್ದೀರಲ್ಲವ್ವಾ, ನನ್ನ ಗುರುತು ಮಾಡ್ಕೊಡ್ರಿ’ ಎಂದು ಕೂತರು. ಅವರನ್ನು ಕಳಿಸಲಾಗದೆ ಅಬ್ಬಾ ತಾವೇ ಬ್ಯಾಂಕಿಗೆ ಹೋಗಿ ಸಹಿ ಹಾಕಿ ಬಂದರು. ಬಂದ ಮೇಲೆ, ‘ಒಳ್ಳೆ ಮನುಷ್ಯ, ಈಗ ನಿಜವಾಗಿಯೂ ಗುರುತಾಯಿತು’ ಎಂದರು.

ಬೊಗಸೆ ನೋಡಿ ಬಂದ ಮೊದಲ ಗಿರಾಕಿ ದೇವದುರ್ಗದ ಒಬ್ಬ ಎಣ್ಣೆ ವ್ಯಾಪಾರಿ. ಶೇಂಗಾ ಎಣ್ಣೆಯ ಡಬ್ಬಿಗೆ ಗುರುತು ಬೇಕು. ‘ಅವರ್ದು ಎರಡು ಕೈ ಅದಾವಲ್ಲ, ನಂದು ನಾಕು ಕೈ ಇರ್ಲಿ’ ಎಂದರು.

‘ನಕ್ಕೋರಿ’ ಎಂದುಬಿಟ್ಟೆ. ಅಮ್ಮಿಯ ಮಾತು ನನ್ನ ಬಾಯಲ್ಲಿ ಕನ್ನಡದ ಬಾಲ ಹಚ್ಚಿಕೊಂಡು ಬಂತು. ಇಂದಿಗೂ ನನ್ನಿಂದ ಆಗದ ಕೆಲಸಕ್ಕೆ ನಾನು ಹೇಳುವುದು ಅದನ್ನೇ. ಕೇಳಿದವರಿಗೆ ಸಿಟ್ಟಿಗಿಂತ ಮೊದಲು ನಗು ಬರುತ್ತದೆ. ಆ ನಗುವಿನ ಸಂದಿಯಲ್ಲಿ ಹೊಸ ಮಾತು ಶುರುಮಾಡಬಹುದು.

‘ಬೇರೆಯವರ ಕೈ ನಿಮಗ್ಯಾಕ್ರಿ? ನಿಮ್ಮಲ್ಲೇ ಏನಾದ್ರೂ ಇರ್ತದ. ಬಂದು ನೋಡ್ತೀನಿ’ ಎಂದೆ.

ತಂಗಿಯ ಜೊತೆ ದೇವದುರ್ಗಕ್ಕೆ ಹೋದೆ. ಬಸ್ಸು ಇಳಿದು ಅವರ ಅಂಗಡಿ ಎಲ್ಲಿ ಎಂದು ಒಬ್ಬರನ್ನು ಕೇಳಿದರೆ, ‘ಮೀಸಿಯವರ್ದೇನ್ರಿ?’ ಎಂದರು. ಇನ್ನೊಬ್ಬರನ್ನು ಕೇಳಿದರೆ ಬಾಯಲ್ಲಿ ಹೇಳದೆ ತಮ್ಮ ತುಟಿಯ ಮೇಲೆ ಎರಡು ಬೆರಳಿಟ್ಟು ಎರಡೂ ಕಡೆ ತಿರುವಿ ತೋರಿಸಿದರು. ನಿಜಕ್ಕೂ ಅವರದು ಅಂಥ ಮೀಸೆ.

‘ನಿಮ್ಮ ಗುರುತು ಆಗ್ಲೇ ಊರಾಗ ಅದ್ರಿ’ ಎಂದು ಅಲ್ಲೇ ಗಲ್ಲಾಪೆಟ್ಟಿಗೆಯ ಮೇಲೆ ಕಾಗದವಿಟ್ಟು ಬರೆದೆ. ಮುಖವಿಲ್ಲ, ಕಣ್ಣಿಲ್ಲ. ಎರಡು ಕೊಂಡಿ, ನಡುವೆ ಸಣ್ಣ ಸಂದಿ. ತಗಡಿನಲ್ಲಿ ಕತ್ತರಿಸಲು ಅದಕ್ಕಿಂತ ಸುಲಭದ ಆಕಾರ ಲೋಕದಲ್ಲೇ ಇಲ್ಲ.

ಅವರು ಕಾಗದ ನೋಡಿ ಮುಖ ಗಂಟಿಕ್ಕಿದರು. ‘ಮನುಷ್ಯ ಎಲ್ಲಿ?’

‘ಮನುಷ್ಯ ನೀವು ಅದೀರಲ್ರಿ’ ಎಂದಳು ತಂಗಿ.

ಅವರು ಒಮ್ಮೆ ಕಾಗದವನ್ನು ತಮ್ಮ ತುಟಿಯ ಮೇಲೆ ಹಿಡಿದು, ಎಣ್ಣೆಯ ಡಬ್ಬಿಯ ಹೊಳಪಿನಲ್ಲಿ ನೋಡಿಕೊಂಡರು. ಅಷ್ಟೇ, ಒಪ್ಪಿದರು. ಮೀಸಿ ಎಣ್ಣೆ ದೇವದುರ್ಗದ ಸುತ್ತಲ ಹಳ್ಳಿಗಳಿಗೆಲ್ಲ ಹೋಯಿತು.

ಮರುವರ್ಷ ಡಬ್ಬಿಯ ಅಳತೆ ಬದಲಾಗಿದೆ ಎಂದು ಹೇಳಿಕಳಿಸಿದ್ದರಿಂದ ಮತ್ತೆ ಹೋದೆವು. ಅಂಗಡಿಯಲ್ಲಿ ಕೂತಿದ್ದವರನ್ನು ನೋಡಿ ಬಾಗಿಲಲ್ಲೇ ನಿಂತೆವು. ತಲೆ ನುಣ್ಣಗೆ ಬೋಳು, ಹೊಳೆಯುತ್ತಿತ್ತು. ಅದರ ಕೆಳಗೆ ಮೀಸೆ ಮಾತ್ರ ಮೊದಲಿಗಿಂತ ದಪ್ಪಗೆ, ಎಣ್ಣೆ ಹಚ್ಚಿ ತಿರುವಿದ್ದು. ಮಗನಿಗೆ ಹುಷಾರಾದರೆ ದೇವರಿಗೆ ಮುಡಿ ಕೊಡುತ್ತೇನೆಂದು ಹರಕೆ ಹೊತ್ತಿದ್ದರಂತೆ. ಮಗನಿಗೆ ಹುಷಾರಾಯಿತು. ಕೃಷ್ಣೆಯ ದಂಡೆಯ ಗೂಗಲ್ ಕ್ಷೇತ್ರಕ್ಕೆ ಹೋಗಿ, ಹೊಳೆಯಲ್ಲಿ ಮುಳುಗೆದ್ದು, ತಲೆ ಬೋಳಿಸಿಕೊಂಡರು. ಕ್ಷೌರದವನು ವಾಡಿಕೆಯಂತೆ ಮೀಸೆಗೂ ಕತ್ತಿ ತಂದನಂತೆ.

‘ಕೈ ಹಿಡಿದುಬಿಟ್ಟೆ ನೋಡ್ರಿ’ ಎಂದರು ಅವರು, ಬಹಳ ಗಂಭೀರವಾಗಿ. ‘ತಲಿ ದೇವರಿಗಿ ಹೇಳಿದ್ದು, ಅದು ದೇವರದು. ಮೀಸಿ ಡಬ್ಬಿ ಮ್ಯಾಲಿಂದು, ಅದು ಗಿರಾಕಿದು.’

ನಾನು ಬಹಳ ಕಷ್ಟಪಟ್ಟು ಡಬ್ಬಿಯ ಅಳತೆ ತೆಗೆದುಕೊಂಡೆ. ತಂಗಿ ಅಂಗಡಿಯ ಹೊರಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು, ಅವಳ ಬೆನ್ನು ಅಲುಗುತ್ತಿತ್ತು. ರಾಯಚೂರಿನ ಬಸ್ಸು ಹತ್ತಿ ಕೂತ ಮೇಲೆ ನಾವು ಒಬ್ಬರ ಮುಖ ಒಬ್ಬರು ನೋಡುವ ಧೈರ್ಯ ಮಾಡಲಿಲ್ಲ. ಅವಳು ಕಿಟಕಿಯತ್ತ, ನಾನು ಕಂಡಕ್ಟರನ ಬೆನ್ನಿನತ್ತ. ಗಬ್ಬೂರು ಬಂದಾಗ ಕಂಡಕ್ಟರು ಟಿಕೇಟು ಕೇಳಲು ಬಗ್ಗಿದ. ಅವನಿಗೂ ಮೀಸೆ ಇತ್ತು.